ಬಂದು ಹೋಗುವ ಕಲಾವಿದ, ಉಳಿಯುವ ಶಾಲೆ: ಬೀದರ ಗಡಿಭಾಗದ ಹಿನ್ನೆಲೆಯಲ್ಲಿ ಗ್ರಾಮೀಣ ಶಾಲೆಗಳ ಕಲಾಶಿಬಿರ

1. ಪೀಠಿಕೆ

ಹೊರಗಿನಿಂದ ಬಂದ ಕಲಾವಿದರು ಗ್ರಾಮೀಣ ಶಾಲೆಯಲ್ಲಿ ಕೆಲವು ದಿನ ಇದ್ದು, ಮಕ್ಕಳಿಗೆ ನಾಟಕ, ಹಾಡು, ಚಿತ್ರ, ಕರಕುಶಲ ಕೆಲಸಗಳನ್ನು ಕಲಿಸಿ ಹೋಗುವ ಪದ್ಧತಿ ಕಳೆದ ನಾಲ್ಕು ದಶಕಗಳಲ್ಲಿ ಕರ್ನಾಟಕಕ್ಕೆ ಪರಿಚಿತವಾಗಿದೆ. ಇದನ್ನು ಶಿಬಿರ, ಕಮ್ಮಟ, ಮೇಳ, ಕಾರ್ಯಾಗಾರ ಎಂಬ ಹೆಸರುಗಳಿಂದ ಕರೆಯಲಾಗಿದೆ. ಹೆಸರು ಯಾವುದೇ ಇರಲಿ, ಅದರ ರಚನೆ ಬಹುಮಟ್ಟಿಗೆ ಒಂದೇ. ಕಲಾವಿದ ಬರುತ್ತಾನೆ, ಆಟಗಳಿಂದ ಮಕ್ಕಳ ಸಂಕೋಚ ಬಿಡಿಸುತ್ತಾನೆ, ಕೊನೆಯ ದಿನ ಪಾಲಕರ ಎದುರು ಒಂದು ಪ್ರದರ್ಶನ ನಡೆಯುತ್ತದೆ, ಮರುದಿನ ಶಾಲೆ ತನ್ನ ವೇಳಾಪಟ್ಟಿಗೆ ಮರಳುತ್ತದೆ.

ಈ ಚಟುವಟಿಕೆಯನ್ನು ಮಕ್ಕಳ ಸೃಜನಶೀಲತೆ, ವ್ಯಕ್ತಿತ್ವ ವಿಕಸನ ಎಂಬ ಪರಿಭಾಷೆಯಲ್ಲಿ ಸಮರ್ಥಿಸುವುದು ವಾಡಿಕೆ. ಆ ಸಮರ್ಥನೆ ತಪ್ಪೇನಲ್ಲ. ಆದರೆ ಅದು ಶಿಬಿರ ನಡೆಯುವ ದಿನಗಳಿಗೆ ಸೀಮಿತವಾದದ್ದು. ಕಲಾವಿದ ಹೋದ ಮೇಲೆ ಶಾಲೆಯಲ್ಲಿ ಏನು ಉಳಿಯುತ್ತದೆ, ಅದು ಯಾವ ಭಾಷೆಯಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಗಳನ್ನು ಅದು ಎತ್ತಿಕೊಳ್ಳುವುದಿಲ್ಲ. ಪ್ರಸ್ತುತ ಲೇಖನವು ಈ ಎರಡು ಪ್ರಶ್ನೆಗಳನ್ನು ಬೀದರ ಜಿಲ್ಲೆಯ ಹಿನ್ನೆಲೆಯಲ್ಲಿ ಪರಿಶೀಲಿಸುತ್ತದೆ. ಬೀದರ ನಗರದ ಅಂಚಿನಲ್ಲಿರುವ, ಊರೂ ಕೈಗಾರಿಕಾ ಪ್ರದೇಶವೂ ಒಟ್ಟಿಗಿರುವ ಕೊಳಾರ, ಮಠಪರಂಪರೆಯ ಭಾಲ್ಕಿ, ಮಹಾರಾಷ್ಟ್ರ ಮತ್ತು ತೆಲಂಗಾಣಗಳೆರಡಕ್ಕೂ ಹೊಂದಿಕೊಂಡ ಔರಾದ, ಈ ಮೂರೂ ಕಡೆಗಳಲ್ಲಿ ಕನ್ನಡ ಶಾಲೆಯ ತರಗತಿಗೆ ಬರುವ ಮಕ್ಕಳ ಮನೆಮಾತು ಒಂದೇ ಅಲ್ಲ. ಇಂಥ ತರಗತಿಯಲ್ಲಿ ಕಲಾಶಿಬಿರವು ಕಲೆಯ ಪ್ರಶ್ನೆಯಾಗಿರುವಷ್ಟೇ ಭಾಷೆಯ ಪ್ರಶ್ನೆಯೂ ಆಗಿರುತ್ತದೆ.

2. ಕಲಿಸುವ ಅಲೆಮಾರಿ: ಪರಂಪರೆಯ ಎರಡು ಮಾದರಿಗಳು

ಊರಿಂದೂರಿಗೆ ಹೋಗಿ ಕಲೆ ಕಲಿಸುವುದು ಆಧುನಿಕ ರಂಗಭೂಮಿಯ ಆವಿಷ್ಕಾರವಲ್ಲ. ಉತ್ತರ ಕರ್ನಾಟಕದ ದೊಡ್ಡಾಟದ ಪರಂಪರೆಯಲ್ಲಿ ಆಟ ಕಲಿಸುವ 'ಮಾಸ್ತರ' ಒಬ್ಬ ಸುಪರಿಚಿತ ವ್ಯಕ್ತಿ. ಊರಿನ ಹಿರಿಯರು ಅವನನ್ನು ಕರೆಸಿಕೊಳ್ಳುತ್ತಿದ್ದರು. ಹೊಲದ ಕೆಲಸ ಮುಗಿಸಿ ಬಂದ ಯುವಕರು ರಾತ್ರಿ ಗುಡಿಯಲ್ಲೋ ಚಾವಡಿಯಲ್ಲೋ ಸೇರಿ ತಿಂಗಳುಗಟ್ಟಲೆ ತಾಲೀಮು ನಡೆಸುತ್ತಿದ್ದರು. ಮಾತು, ಪದ, ಹೆಜ್ಜೆಗಳು ಮೈಗೂಡಿದ ಮೇಲೆಯೇ ಆಟ. ಆಟ ಮುಗಿದು ಮಾಸ್ತರ ಬೇರೆ ಊರಿಗೆ ಹೋದರೂ ಅವನು ಕಲಿಸಿದ್ದು ಊರಿನಲ್ಲಿ ಉಳಿಯುತ್ತಿತ್ತು. ಒಮ್ಮೆ ಪಾತ್ರ ಮಾಡಿದವನು ಮುಂದಿನ ಪೀಳಿಗೆಗೆ ಅದನ್ನು ಹೇಳಿಕೊಡಬಲ್ಲವನಾಗುತ್ತಿದ್ದ. ಖರ್ಚು ಊರಿನದಾದ್ದರಿಂದ ಆಟವೂ ಊರಿನದೇ ಆಗಿತ್ತು.

ಇದಕ್ಕಿಂತ ಭಿನ್ನವಾದದ್ದು ಹಗಲುವೇಷದ ಮಾದರಿ. ಹಗಲುವೇಷಗಾರರು ಒಂದು ಊರಿಗೆ ಬಂದರೆ ಕೆಲವು ದಿನ ಬೀಡುಬಿಟ್ಟು, ದಿನಕ್ಕೊಂದು ವೇಷ ಹಾಕಿ ಓಣಿಓಣಿ ತಿರುಗಿ, ಕೊನೆಯ ದಿನ ದವಸ ಧಾನ್ಯ, ಹಣ ಪಡೆದು ಮುಂದಿನ ಊರಿಗೆ ಹೋಗುವವರು. ಅವರು ಊರಿಗೆ ತೋರಿಸುತ್ತಾರೆ, ಕಲಿಸುವುದಿಲ್ಲ. ಅವರ ಕಲಿಕೆ ಕುಟುಂಬದ ಒಳಗೇ ನಡೆಯುತ್ತದೆ. ಮಗು ತಂದೆಯ ಜೊತೆ ತಿರುಗುತ್ತಲೇ ಬಣ್ಣ ಹಚ್ಚುವುದನ್ನೂ ಮಾತು ಹೇಳುವುದನ್ನೂ ಕಲಿಯುತ್ತದೆ. ಹಲವು ಹಗಲುವೇಷ ಕುಟುಂಬಗಳ ಮನೆಮಾತು ತೆಲುಗು. ಪ್ರದರ್ಶನದಲ್ಲಿ ಕನ್ನಡ, ತೆಲುಗು, ಉರ್ದು ಮಿಶ್ರಿತ ಮಾತುಗಳು ಸಲೀಸಾಗಿ ಕೂಡಿಕೊಳ್ಳುತ್ತವೆ. ದಖನಿನ ಅಲೆಮಾರಿ ಕಲಾವಿದ ಬಹುಭಾಷಿಕನಾಗಿದ್ದುದು ಸಿದ್ಧಾಂತದಿಂದಲ್ಲ, ಜೀವನೋಪಾಯದಿಂದ ಎಂಬುದು ಇಲ್ಲಿ ಗಮನಾರ್ಹ.

ಮೇಲಿನ ಎರಡು ಮಾದರಿಗಳನ್ನು ಇಂದಿನ ಶಿಬಿರದೊಡನೆ ಹೋಲಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಶಿಬಿರದ ಉದ್ದೇಶ ದೊಡ್ಡಾಟದ ಮಾಸ್ತರನದು, ಅಂದರೆ ಕಲಿಸುವುದು. ಆದರೆ ಅದಕ್ಕೆ ದೊರೆಯುವ ಕಾಲಾವಧಿ ಹಗಲುವೇಷಗಾರನದು, ಅಂದರೆ ಕೆಲವೇ ದಿನ. ಉದ್ದೇಶ ಮತ್ತು ಅವಧಿಗಳ ನಡುವಿನ ಈ ಅಂತರವೇ ಶಿಬಿರದ ಮೂಲ ಸಮಸ್ಯೆ. ಇನ್ನೊಂದು ವೈಪರೀತ್ಯವೂ ಇದೆ. ತರಬೇತಿ ಪಡೆದ ಕಲಾವಿದ ಶಾಲೆಯ ಮುಂಬಾಗಿಲಿನಿಂದ ಅತಿಥಿಯಾಗಿ ಬರುವ ಹೊತ್ತಿನಲ್ಲಿ, ಪರಂಪರೆಯಿಂದ ಕಲಾವಿದರಾದ ಕುಟುಂಬಗಳ ಮಕ್ಕಳು ಅಲೆದಾಟದ ಕಾರಣದಿಂದಲೇ ಹಾಜರಿಪಟ್ಟಿಯ ಹೊರಗೆ ಉಳಿಯುತ್ತಾರೆ. ಕಲೆಯನ್ನು ಹೊರಗಿನಿಂದ ತರಿಸುವ ಶಾಲೆಯು ತನ್ನ ಅಂಗಳದ ಹೊರಗೆ ಹಾದುಹೋಗುವ ಕಲೆಯನ್ನು 'ಗೈರುಹಾಜರಿ' ಎಂದು ದಾಖಲಿಸುತ್ತದೆ.

3. ಜಾಥಾದಿಂದ ಶಿಬಿರದವರೆಗೆ

ಆಧುನಿಕ ಕನ್ನಡ ರಂಗಭೂಮಿ ಹಳ್ಳಿಯ ಕಡೆಗೆ ಮುಖಮಾಡಿದ್ದು ಹಲವು ಹಂತಗಳಲ್ಲಿ. 1975ರಲ್ಲಿ ಆರಂಭವಾದ 'ಸಮುದಾಯ' ಸಂಘಟನೆಯು 1979ರಲ್ಲಿ ಜಾಥಾದ ಮೂಲಕ ಬೀದಿನಾಟಕವನ್ನು ಹಳ್ಳಿಗಳಿಗೆ ಕೊಂಡೊಯ್ದಿತು. ಅದರ ಗುರಿ ವಯಸ್ಕ ಪ್ರೇಕ್ಷಕ ಮತ್ತು ರಾಜಕೀಯ ಜಾಗೃತಿ. ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ಸ್ಥಾಪಿಸಿತು. 1980ರ ದಶಕದ ಮೊದಲ ಭಾಗದ 'ಜನಸ್ಪಂದನ' ಯೋಜನೆಯಲ್ಲಿ ಹಳ್ಳಿಗಳಲ್ಲೇ ರಂಗಶಿಬಿರ ಮತ್ತು ಚಲನಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿತು. 1985ರಿಂದ 'ತಿರುಗಾಟ' ನಾಟಕಗಳನ್ನು ನಾಡಿನಾದ್ಯಂತ ಒಯ್ಯತೊಡಗಿತು. ತಿರುಗಾಟ ಒಂದು ರಾತ್ರಿಯ ಪ್ರದರ್ಶನವಾದರೆ, ಜನಸ್ಪಂದನದ ಶಿಬಿರ ಊರಿನವರನ್ನೇ ನಟರನ್ನಾಗಿಸುವ ಪ್ರಯತ್ನ. ಹಗಲುವೇಷ ಮತ್ತು ದೊಡ್ಡಾಟದ ಮಾಸ್ತರ ಎಂಬ ಹಳೆಯ ಎರಡು ಮಾದರಿಗಳು ಒಂದೇ ಸಂಸ್ಥೆಯ ಎರಡು ಯೋಜನೆಗಳಲ್ಲಿ ಮರುರೂಪ ಪಡೆದವೆಂದು ಹೇಳಬಹುದು. 1990ರ ದಶಕದ 'ಶಾಲಾರಂಗ ವಿಕಾಸ' ಯೋಜನೆಯಲ್ಲಿ ಈ ಅನುಭವ ಶಾಲೆಯ ಕಡೆಗೆ ತಿರುಗಿತು.

ಬೀದರ ಜಿಲ್ಲೆಯಲ್ಲಿ ಇದೇ ಕಾಲದಲ್ಲಿ ಬೇರೊಂದು ಪ್ರವಾಹವೂ ಇತ್ತು. 1989ರಲ್ಲಿ ಮಹಿಳಾ ಸಮಾಖ್ಯಾ ಕಾರ್ಯಕ್ರಮ ಕರ್ನಾಟಕದಲ್ಲಿ ಆರಂಭವಾದ ಮೊದಲ ಮೂರು ಜಿಲ್ಲೆಗಳಲ್ಲಿ ಬೀದರ ಒಂದು. ಉಳಿದೆರಡು ವಿಜಾಪುರ ಮತ್ತು ಮೈಸೂರು. ಸಂಘದ ಸಭೆಗಳಲ್ಲಿ ಹಾಡು, ಆಟ, ಕಿರುನಾಟಕಗಳು ಕಲಿಕೆಯ ಸಾಧನಗಳಾದವು. 1990ರ ಭಾರತ ಜ್ಞಾನ ವಿಜ್ಞಾನ ಜಾಥಾ ಮತ್ತು ಅದರ ಬೆನ್ನಿಗೇ ಬಂದ ಸಾಕ್ಷರತಾ ಆಂದೋಲನದ ಕಲಾಜಾಥಾಗಳು ಹಾಡನ್ನು ಅಕ್ಷರದ ಮುಂಗಾಮಿಯನ್ನಾಗಿ ಬಳಸಿದವು. ಇಲ್ಲಿ ಕಲೆ ಒಂದು ಸಂದೇಶದ ವಾಹನ. ಸಂದೇಶ ಮೊದಲೇ ನಿರ್ಧಾರವಾಗಿರುತ್ತದೆ, ಕಲಾವಿದ ಅದನ್ನು ಮುಟ್ಟಿಸುತ್ತಾನೆ. ಇಂದಿಗೂ ಶಾಲೆಗೆ ಬರುವ ಅನೇಕ ಕಲಾತಂಡಗಳು ನೈರ್ಮಲ್ಯ, ಬಾಲ್ಯವಿವಾಹ ತಡೆ, ಪರಿಸರ ರಕ್ಷಣೆ ಮುಂತಾದ ವಿಷಯಗಳ ಸಿದ್ಧನಾಟಕಗಳನ್ನು ತರುವುದರ ಹಿಂದೆ ಜಾಥಾದ ಈ ನೆನಪಿದೆ. ಅವುಗಳ ಉಪಯುಕ್ತತೆ ನಿರ್ವಿವಾದ. ಆದರೆ ಅಲ್ಲಿ ಮಗು ಪ್ರೇಕ್ಷಕ ಅಥವಾ ಕೊಟ್ಟ ಮಾತನ್ನು ಒಪ್ಪಿಸುವ ನಟ. ನಾಟಕದ ಕರ್ತೃವಲ್ಲ.

ಮಗುವನ್ನು ಕರ್ತೃವಾಗಿ ಕಾಣುವ ಪ್ರಯತ್ನಗಳೂ ಕನ್ನಡದಲ್ಲಿವೆ. ಗುಬ್ಬಿ ಕಂಪನಿಯಲ್ಲಿ ಬಾಲನಟನಾಗಿ ಬೆಳೆದ ಬಿ.ವಿ. ಕಾರಂತರು ಮಕ್ಕಳ ರಂಗಭೂಮಿಯನ್ನು ದೊಡ್ಡವರ ರಂಗಭೂಮಿಯ ಚಿಕ್ಕ ಪ್ರತಿಯೆಂದು ನೋಡಲಿಲ್ಲ. 1989ರಲ್ಲಿ ಅವರ ನೇತೃತ್ವದಲ್ಲಿ ಆರಂಭವಾದ ಮೈಸೂರಿನ ರಂಗಾಯಣವು ಮುಂದೆ ಚಿಣ್ಣರ ಮೇಳದ ಪರಂಪರೆಯನ್ನು ಬೆಳೆಸಿತು. ಅದೇ ವರ್ಷ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯು ಶಿಕ್ಷಣದಲ್ಲಿ ರಂಗಭೂಮಿಗಾಗಿಯೇ ಪ್ರತ್ಯೇಕ ತಂಡವನ್ನು ರಚಿಸಿತು. ಇಂಗ್ಲೆಂಡಿನ ಕವೆಂಟ್ರಿ ನಗರದ ಬೆಲ್‌ಗ್ರೇಡ್ ರಂಗಮಂದಿರದಲ್ಲಿ 1965ರಲ್ಲಿ ರೂಪುಗೊಂಡ, ನಟನೇ ಶಿಕ್ಷಕನಾಗಿ ಶಾಲೆಗೆ ಹೋಗುವ ಪದ್ಧತಿಯು ಇಂಥ ಯೋಜನೆಗಳಿಗೆ ಅಂತಾರಾಷ್ಟ್ರೀಯ ಹಿನ್ನೆಲೆಯಾಗಿದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ 'ಕಲಿ-ಕಲಿಸು' ಕಾರ್ಯಕ್ರಮ ಈ ಸಾಲಿನಲ್ಲಿ ಒಂದು ಮುಖ್ಯ ತಿರುವು. ಅದು ಕಲಾವಿದರ ಜೊತೆಗೆ ಸರಕಾರಿ ಶಾಲೆಯ ಶಿಕ್ಷಕರಿಗೂ ನೇರವಾಗಿ ನೆರವು ನೀಡಿ, ಸ್ಥಳೀಯ ಸಂಸ್ಕೃತಿಯನ್ನೇ ಕಲಿಕೆಯ ಸಂಪನ್ಮೂಲವಾಗಿ ಬಳಸಲು ಪ್ರೋತ್ಸಾಹಿಸುತ್ತದೆ. ಕಲಾವಿದ ಹೋಗುವವನು, ಶಿಕ್ಷಕ ಉಳಿಯುವವನು ಎಂಬ ಸರಳ ಸತ್ಯವನ್ನು ಈ ಕ್ರಮ ಗುರುತಿಸಿದೆ.

4. ಕಾನೂನು ಬಿಟ್ಟ ಜಾಗ

ಶಾಲೆಗೆ ಸಂಚಾರಿ ಕಲಾವಿದ ಏಕೆ ಬೇಕಾಗುತ್ತಾನೆ ಎಂಬುದಕ್ಕೆ ಆಡಳಿತಾತ್ಮಕ ಕಾರಣವೂ ಇದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆ, ಸಂಗೀತ, ನೃತ್ಯ, ರಂಗಭೂಮಿಗಳನ್ನು ಕುರಿತ ತನ್ನ ವಿಷಯ ಪತ್ರಿಕೆಯಲ್ಲಿ ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣ ಕಡ್ಡಾಯವಾಗಬೇಕೆಂದು ಶಿಫಾರಸು ಮಾಡಿತು. ಆದರೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಆರರಿಂದ ಎಂಟನೆಯ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 100ನ್ನು ಮೀರಿದ ಕಡೆ ಮಾತ್ರ ಕಲೆ, ಆರೋಗ್ಯ ಹಾಗೂ ದೈಹಿಕ ಶಿಕ್ಷಣ, ಕಾರ್ಯಾನುಭವಗಳಿಗೆ ಅರೆಕಾಲಿಕ ಬೋಧಕರನ್ನು ಸೂಚಿಸುತ್ತದೆ. ಔರಾದ ತಾಲ್ಲೂಕಿನ ತಾಂಡಾದ ಕಿರಿಯ ಪ್ರಾಥಮಿಕ ಶಾಲೆ ಈ ಲೆಕ್ಕದ ಒಳಗೆ ಬರುವುದೇ ಇಲ್ಲ. ಅಂದರೆ, ಮನೆಯಲ್ಲಿ ಪುಸ್ತಕವಿಲ್ಲದ, ಸುಗ್ಗಿಯ ಕಾಲದಲ್ಲಿ ತಂದೆತಾಯಿಗಳೊಡನೆ ಕಬ್ಬು ಕಡಿಯಲು ಅಥವಾ ಹೈದರಾಬಾದ್, ಪುಣೆಗಳಿಗೆ ಗುಳೆ ಹೋಗುವ ಮಗು ಓದುವ ಶಾಲೆಗೆ ಕಾನೂನಿನ ಪ್ರಕಾರವೇ ಕಲಾಬೋಧಕನಿಲ್ಲ.

ಸಂಚಾರಿ ಕಲಾವಿದ ಬರುವುದು ಈ ಖಾಲಿ ಜಾಗಕ್ಕೆ. ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆಗಳಿವೆ. ರಂಗಶಿಕ್ಷಣ ಪಡೆದವರನ್ನು ನಾಟಕ ಶಿಕ್ಷಕರಾಗಿ ನೇಮಿಸಿದ ಉದಾಹರಣೆಯೂ ರಾಜ್ಯದಲ್ಲಿದೆ. ಆದರೆ ಪ್ರಾಥಮಿಕ ಹಂತದ ಸಣ್ಣ ಶಾಲೆಗೆ ಕಲೆ ತಲುಪುವುದು ಬಹುತೇಕ ಎರಡೇ ದಾರಿಗಳಿಂದ. ಒಂದು ಅತಿಥಿ ಕಲಾವಿದನ ಶಿಬಿರ, ಇನ್ನೊಂದು ಶಿಕ್ಷಣ ಇಲಾಖೆಯ 'ಪ್ರತಿಭಾ ಕಾರಂಜಿ'ಯಂಥ ಸ್ಪರ್ಧೆ. ಸ್ಪರ್ಧೆಯ ಸ್ವಭಾವ ಆಯ್ಕೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಏರುತ್ತ ಹೋದಂತೆ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತದೆ. ಶಿಬಿರದ ಸ್ವಭಾವ ಸೇರ್ಪಡೆ. ಅಲ್ಲಿ ಹಿಂದಿನ ಬೆಂಚಿನ ಮಗುವಿಗೂ ಮರದ ಪಾತ್ರವೋ ಮಳೆಯ ಸದ್ದೋ ಸಿಗುತ್ತದೆ. ಶಿಬಿರವನ್ನು ಅದರ ಮಿತಿಗಳ ನಡುವೆಯೂ ಸಮರ್ಥಿಸಬೇಕಾದದ್ದು ಈ ಕಾರಣಕ್ಕಾಗಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲೆ ಅಥವಾ ಶಾಲಾ ಸಂಕೀರ್ಣದಲ್ಲಿ ನಿವಾಸಿ ಕಲಾವಿದರಿರಬೇಕೆಂಬ ಆಶಯವನ್ನೂ ಸ್ಥಳೀಯ ಕಲಾವಿದರನ್ನು ಬೋಧಕರನ್ನಾಗಿ ಕರೆಯುವ ಸಲಹೆಯನ್ನೂ ಹೇಳುತ್ತದೆ. ರಾಜ್ಯಗಳು ಆ ನೀತಿಯನ್ನು ಒಪ್ಪುವುದು ಬಿಡುವುದು ಬೇರೆ ಚರ್ಚೆ. 'ಸಂಚಾರಿ' ಮತ್ತು 'ನಿವಾಸಿ' ಎಂಬ ಪದಗಳ ವ್ಯತ್ಯಾಸ ಮಾತ್ರ ಇಲ್ಲಿಯ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು.

5. ಫಲಕದ ಹೊರಗೆ, ಫಲಕದ ಒಳಗೆ: ಭಾಷೆಯ ಪ್ರಶ್ನೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ಸಂಸ್ಥಾನದ ಹಳೆಯ ಬೀದರ ಜಿಲ್ಲೆ ಮೂರು ಭಾಗವಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಮತ್ತು ನಾರಾಯಣಖೇಡ ಭಾಗಗಳು ಆಂಧ್ರಪ್ರದೇಶಕ್ಕೆ ಹೋದವು. ಉಳಿದದ್ದು ಮೈಸೂರು ರಾಜ್ಯಕ್ಕೆ ಸೇರಿತು. ನಕ್ಷೆಯ ಗೆರೆ ಭಾಷೆಯನ್ನು ಆಧರಿಸಿದ್ದರೂ ಮನೆಗಳಲ್ಲಿ ಭಾಷೆಗಳು ಬೆರೆತೇ ಉಳಿದವು. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು, ಲಂಬಾಣಿಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಈ ಭಾಗದ ಹೆಂಗಸರ ಬುಲಾಯಿ ಹಾಡುಗಳನ್ನು ಮರಾಠಿ ಪ್ರದೇಶದ ಭುಲಾಬಾಯಿ, ತೆಲಂಗಾಣದ ಬತುಕಮ್ಮ ಆಚರಣೆಗಳ ಪಕ್ಕದಲ್ಲಿಟ್ಟು ನೋಡಿದರೆ, ಹೆಂಗಸರು ಕೂಡಿ ಹಾಡುವ ಸಂಪ್ರದಾಯ ರಾಜ್ಯಗಳ ಗಡಿಯನ್ನು ಗುರುತಿಸುವುದಿಲ್ಲವೆಂದು ತಿಳಿಯುತ್ತದೆ. ಮೊಹರಂ ಪದಗಳು ಹಸನ್ ಹುಸೇನರ ಕಥೆಯನ್ನು ಕನ್ನಡದಲ್ಲೇ ಹಾಡಿದವು. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಕ್ಷೇತ್ರಕ್ಕೆ ಕನ್ನಡ, ಮರಾಠಿ, ತೆಲುಗು ಮಾತಾಡುವ ಭಕ್ತರು ಬರುತ್ತಾರೆ.

ಈ ಜಿಲ್ಲೆಯ ಕನ್ನಡ ಶಾಲೆಯ ಇತಿಹಾಸದಲ್ಲಿ ಒಂದು ಘಟನೆ ಜನಜನಿತವಾಗಿದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಿಕ್ಷಣಕ್ಕೆ ಅವಕಾಶ ಕಡಿಮೆಯಾಗಿದ್ದಾಗ ಭಾಲ್ಕಿ ಹಿರೇಮಠ ಸಂಸ್ಥಾನದ ಡಾ. ಚನ್ನಬಸವ ಪಟ್ಟದ್ದೇವರು ಕಮಲನಗರದಲ್ಲಿ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಆಡಳಿತದ ಭಾಷೆ ಫಲಕದಲ್ಲಿ, ಮಕ್ಕಳ ಭಾಷೆ ಒಳಗೆ. ಈ ಭಾಗದಲ್ಲಿ ಕನ್ನಡ ಉಳಿದ ಕಥೆಗೆ ಇದು ಸಂಕೇತವಾಗಿದೆ.

ಇಂದು ಫಲಕ ಕನ್ನಡದ್ದೇ. ಆದರೆ ಆ ಘಟನೆಯ ತಿರುಳು 'ಕನ್ನಡ' ಎಂಬುದಷ್ಟೇ ಅಲ್ಲ. ಮಗುವಿಗೆ ತನ್ನ ಮಾತಿನಲ್ಲಿ ಕಲಿಯುವ ಹಕ್ಕಿದೆ ಎಂಬುದೂ ಹೌದು. ಔರಾದ ಭಾಗದ ಕನ್ನಡ ಶಾಲೆಯಲ್ಲಿ ಕುಳಿತ ಮರಾಠಿ ಅಥವಾ ಲಂಬಾಣಿ ಮನೆಮಾತಿನ ಮಗುವಿಗೆ, ಕೊಳಾರದ ಶಾಲೆಯಲ್ಲಿ ದಖನಿ ಮಾತಾಡುವ ಮಗುವಿಗೆ ಈಗ ಕನ್ನಡವೇ ಫಲಕದ ಭಾಷೆ. ಕನ್ನಡ ಮನೆಮಾತಿನ ಮಗುವಿನ ಸ್ಥಿತಿಯೂ ತೀರ ಭಿನ್ನವಲ್ಲ. ಮನೆಯಲ್ಲಿ 'ಮಾಡಲತ್ತಾನ', 'ಹೋಗಲತ್ತಾಳ' ಎನ್ನುವ ಮಗು ಪಠ್ಯದಲ್ಲಿ 'ಮಾಡುತ್ತಿದ್ದಾನೆ', 'ಹೋಗುತ್ತಿದ್ದಾಳೆ' ಎಂದು ಓದುತ್ತದೆ. ತನ್ನ ಕ್ರಿಯಾರೂಪ ಪುಸ್ತಕದಲ್ಲಿ ಎಲ್ಲಿಯೂ ಇಲ್ಲದ್ದನ್ನು ಕಂಡು, ಅದು ತಪ್ಪಿರಬೇಕೆಂದು ತಾನೇ ತೀರ್ಮಾನಿಸುತ್ತದೆ.

ಇಂಥ ತರಗತಿಗೆ ದಕ್ಷಿಣ ಕರ್ನಾಟಕದಿಂದಲೋ ಕರಾವಳಿಯಿಂದಲೋ ಕಲಾವಿದ ಬಂದಾಗ ಎರಡು ಸಾಧ್ಯತೆಗಳಿರುತ್ತವೆ. ಮೊದಲನೆಯದು, ಅವನು ತಂದ ಸಿದ್ಧಪಠ್ಯವನ್ನು ಮಕ್ಕಳು ಶಿಷ್ಟ ಕನ್ನಡದಲ್ಲಿ ಬಾಯಿಪಾಠ ಮಾಡುವುದು. ಆಗ ಓದಿನಲ್ಲಿ ಮುಂದಿರುವ ಮಕ್ಕಳೇ ಮುಖ್ಯ ಪಾತ್ರಗಳನ್ನು ಪಡೆಯುತ್ತಾರೆ. ಉಳಿದವರು ಗುಂಪಿನಲ್ಲಿ ನಿಲ್ಲುತ್ತಾರೆ. ತರಗತಿಯ ಶ್ರೇಣಿಯೇ ರಂಗದ ಮೇಲೆ ಮರುಕಳಿಸುತ್ತದೆ. ಎರಡನೆಯದು, ಕಥೆಯನ್ನು ಮಕ್ಕಳಿಂದಲೇ ಪಡೆದು, ಮೊದಲು ಅವರವರ ಮನೆಮಾತಿನಲ್ಲಿ ಆಡಿಸಿ, ಬಳಿಕ ಎಲ್ಲರಿಗೂ ತಿಳಿಯುವ ಕನ್ನಡಕ್ಕೆ ಅವರಿಂದಲೇ ತರಿಸುವುದು. ಇಲ್ಲಿ ತಾಂಡಾದ ಮಗುವಿನ ಅಜ್ಜಿ ಹೇಳಿದ ಕಥೆ ನಾಟಕದ ವಸ್ತುವಾಗಬಹುದು. ಆ ಕಥೆಯನ್ನು ಗೆಳೆಯರಿಗೆ ಅರ್ಥಮಾಡಿಸುವ ಅಗತ್ಯವೇ ಮಗುವಿಗೆ ಕನ್ನಡ ಕಲಿಯುವ ಕಾರಣವಾಗುತ್ತದೆ. ಬಾಯಿಪಾಠದ ಕನ್ನಡ ಪ್ರದರ್ಶನದೊಂದಿಗೆ ಮುಗಿಯುತ್ತದೆ. ಅಗತ್ಯದಿಂದ ಕಲಿತ ಕನ್ನಡ ಮಗುವಿನೊಂದಿಗೆ ಉಳಿಯುತ್ತದೆ.

ಗಡಿಭಾಗದಲ್ಲಿ ಕನ್ನಡವೇ ದುರ್ಬಲವಾಗಿರುವಾಗ ಶಿಬಿರದಲ್ಲಿ ಬೇರೆ ಭಾಷೆಗೆ ಎಡೆಗೊಡುವುದು ಅಪಾಯವಲ್ಲವೆ ಎಂಬ ಆಕ್ಷೇಪಣೆ ಸಹಜ. ನಿಜಾಮರ ಕಾಲದ ನೆನಪಿರುವ ಪ್ರದೇಶದಲ್ಲಿ ಈ ಆತಂಕವನ್ನು ಲಘುವಾಗಿ ಕಾಣಲಾಗದು. ಆದರೆ ಆ ನೆನಪೇ ಬೇರೊಂದು ಪಾಠವನ್ನೂ ಹೇಳುತ್ತದೆ. ಹೇರಿದ ಭಾಷೆ ಫಲಕದ ಮೇಲೆ ನಿಂತಿತೇ ಹೊರತು ಮಕ್ಕಳ ಬಾಯಿಗೆ ಇಳಿಯಲಿಲ್ಲ. ಕನ್ನಡವು ಮಗುವಿಗೆ ಆಟದ, ಗೆಳೆತನದ, ಕಥೆ ಕಟ್ಟುವ ಭಾಷೆಯಾದರೆ ಅದು ಪರೀಕ್ಷೆಯ ಭಾಷೆಯಾಗಿದ್ದುದಕ್ಕಿಂತ ಹೆಚ್ಚು ಗಟ್ಟಿಯಾಗಿ ನೆಲೆಯೂರುತ್ತದೆ.

6. ಬಿದ್ರಿಯ ಉದಾಹರಣೆ: ನೋಡುವುದು, ಮಾಡುವುದು, ಹೆಸರಿಸುವುದು

ನಾಟಕಕ್ಕೆ ಹೇಳಿದ ಮಾತು ಕರಕುಶಲ ಕಲೆಗೂ ಅನ್ವಯಿಸುತ್ತದೆ. ಬೀದರಿನ ಹೆಸರನ್ನೇ ಹೊತ್ತ ಬಿದ್ರಿ ಕಲೆ ಇದಕ್ಕೆ ಉತ್ತಮ ನಿದರ್ಶನ. ಸತು ಮತ್ತು ತಾಮ್ರವನ್ನು ಸುಮಾರು 16:1ರ ಪ್ರಮಾಣದಲ್ಲಿ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯಲಾಗುತ್ತದೆ. ಪಾತ್ರೆಯನ್ನು ಅರದಿಂದ ಉಜ್ಜಿ ನುಣುಪುಗೊಳಿಸಿ, ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಚಿತ್ತಾರದ ಗೆರೆ ಎಳೆಯುತ್ತಾರೆ. ಉಳಿಯಿಂದ ಗೆರೆಗಳನ್ನು ಕೊರೆದು ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿದ ನೀರಿನ ಸ್ಪರ್ಶದಿಂದ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕಲೆಯ ಹಿರಿಯ ಕುಶಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿದೆ.

ಶಾಲೆಯಲ್ಲಿ ಒಂದು ದಿನದ ಬಿದ್ರಿ ಪ್ರಾತ್ಯಕ್ಷಿಕೆ ನಡೆದರೆ ಮಕ್ಕಳು ಕೊನೆಯ ಹಂತದ ಚಮತ್ಕಾರವನ್ನಷ್ಟೇ ನೋಡಬಹುದು. ಎರಕ, ಉಳಿ, ಕುದಿಯುವ ದ್ರಾವಣಗಳ ಕಾರಣದಿಂದ ಎಳೆಯ ಮಕ್ಕಳು ಎಲ್ಲ ಹಂತಗಳನ್ನೂ ಮಾಡಲಾರರು. ಹಾಗಿದ್ದರೆ ಬಿದ್ರಿ ಕುಶಲಿಗಳಿಂದ ಶಾಲೆ ಏನನ್ನು ಕಲಿಯಬಹುದು? ಎರಡು ಸಂಗತಿಗಳನ್ನು ಖಚಿತವಾಗಿ ಕಲಿಯಬಹುದು. ಒಂದು, ಚಿತ್ತಾರ ಎಳೆಯುವ ಹಂತ. ಇದನ್ನು ಕಾಗದದ ಮೇಲೆ, ಪಾಟಿಯ ಮೇಲೆ, ಅಂಗಳದ ನೆಲದ ಮೇಲೆ ಮಾಡಬಹುದು. ಒಂದು ಎಲೆಯನ್ನು ಅಂಚಿನುದ್ದಕ್ಕೂ ಸಮವಾಗಿ ಹೇಗೆ ಮರುಕಳಿಸಬೇಕೆಂಬ ಪ್ರಶ್ನೆಯಲ್ಲಿ ಗಣಿತವೂ ಇದೆ. ಇನ್ನೊಂದು, ಕಸುಬಿನ ಪದಗಳು. ತಂತಿ ಕೂರಿಸುವುದು ತಾರಕಶಿ, ತಗಡು ಕೂರಿಸುವುದು ತೈನಿಶಾನ್, ನಾಣ್ಯದ ಆಕಾರದ ಹೂವಿನ ಚಿತ್ತಾರ ಅಶರ್ಫಿ ಕಿ ಬೂಟಿ. ಪರ್ಸಿಯನ್, ಉರ್ದು ಮೂಲದ ಈ ಪದಗಳು ಬೀದರಿನ ಓಣಿಗಳಲ್ಲಿ ಶತಮಾನಗಳಿಂದ ಬಳಕೆಯಲ್ಲಿವೆ. ಕನ್ನಡ ತರಗತಿಯ ಮಕ್ಕಳು ಇವುಗಳನ್ನು ಕೇಳಿ, ಬರೆದು, ಅರ್ಥ ವಿವರಿಸಿ ಒಂದು ಚಿಕ್ಕ ಪದಕೋಶ ಮಾಡಿದರೆ ಅದು ಕಲಾಪಾಠವೂ ಹೌದು, ಭಾಷಾಪಾಠವೂ ಹೌದು. ದಖನಿ ಮಾತಾಡುವ ಮಗು ಆ ದಿನ ತರಗತಿಯಲ್ಲಿ ಉಳಿದವರಿಗೆ ಅರ್ಥ ಹೇಳುವ ಸ್ಥಾನದಲ್ಲಿರುತ್ತದೆ. ವರ್ಷವಿಡೀ ಕೇಳುವ ಸ್ಥಾನದಲ್ಲಿದ್ದ ಮಗುವಿಗೆ ಇದು ಸಣ್ಣ ಬದಲಾವಣೆಯಲ್ಲ.

ಇಲ್ಲಿ ಕಲಾವಿದ ದೂರದಿಂದ ಬರಬೇಕಾಗಿಯೂ ಇಲ್ಲ. ಬೀದರ ನಗರದಿಂದ ಕೊಳಾರಕ್ಕೆ ಬರುವ ಬಿದ್ರಿ ಕುಶಲಿ ಬೆಂಗಳೂರಿನಿಂದ ಬರುವ ರಂಗಕರ್ಮಿಯಷ್ಟೇ ಗೌರವ ಮತ್ತು ಸಂಭಾವನೆಗೆ ಅರ್ಹ. ಆದರೆ ಶಿಬಿರದ ಆಯೋಜನೆಯಲ್ಲಿ ಮೊದಲನೆಯವನನ್ನು 'ಪ್ರಾತ್ಯಕ್ಷಿಕೆ'ಗೆ, ಎರಡನೆಯವನನ್ನು 'ತರಬೇತಿ'ಗೆ ಕರೆಯುವ ಭೇದ ಕಾಣುತ್ತದೆ. ಕುಶಲಿ ತೋರಿಸುವವನು, ಕಲಾವಿದ ಕಲಿಸುವವನು ಎಂ

ಬ ಈ ವಿಂಗಡಣೆಯು ಶ್ರಮ ಮತ್ತು ಜ್ಞಾನಗಳನ್ನು ಬೇರ್ಪಡಿಸುವ ಹಳೆಯ ಶ್ರೇಣೀಕರಣದ ಮುಂದುವರಿಕೆಯೇ ಆಗಿದೆ.

7. ಎರಡು ಕೃತಿಗಳು, ಎರಡು ಎಚ್ಚರಿಕೆಗಳು

ಶಾಲೆ ಮತ್ತು ಸಂಚಾರಿ ಕಲಾವಿದರ ಸಂಬಂಧವನ್ನು ಕನ್ನಡದ ಮಕ್ಕಳ ಸಾಹಿತ್ಯವೂ ತನ್ನದೇ ರೀತಿಯಲ್ಲಿ ಚಿಂತಿಸಿದೆ. ಮಕ್ಕಳ ಶಿಬಿರಗಳ ಅಚ್ಚುಮೆಚ್ಚಿನ ಎರಡು ಕೃತಿಗಳನ್ನು ಈ ದೃಷ್ಟಿಯಿಂದ ಓದಬಹುದು. ಬಿ.ವಿ. ಕಾರಂತರ 'ಪಂಜರ ಶಾಲೆ' ರವೀಂದ್ರನಾಥ ಠಾಕೂರರ ಗಿಳಿಯ ಕಥೆಯನ್ನು ಆಧರಿಸಿದ ನಾಟಕ. ಹಾಡುತ್ತ ಹಾರಾಡುತ್ತಿದ್ದ ಹಕ್ಕಿಗೆ ವಿದ್ಯೆ ಕಲಿಸಬೇಕೆಂದು ರಾಜ ಆಜ್ಞೆ ಮಾಡುತ್ತಾನೆ. ಚಿನ್ನದ ಪಂಜರ, ಪಂಡಿತರು, ಗ್ರಂಥಗಳು, ಮೇಲ್ವಿಚಾರಕರು ಎಲ್ಲವೂ ಸಿದ್ಧವಾಗುತ್ತವೆ. ಎಲ್ಲರಿಗೂ ಲಾಭವಾಗುತ್ತದೆ, ಹಕ್ಕಿಯೊಂದನ್ನು ಬಿಟ್ಟು. ಶಾಲೆಯನ್ನು ಟೀಕಿಸುವ ಈ ಕಥೆ ಶಿಬಿರಕ್ಕೂ ಕನ್ನಡಿ ಹಿಡಿಯಬಲ್ಲದು. ವರದಿ, ಛಾಯಾಚಿತ್ರ, ಪ್ರಮಾಣಪತ್ರ, ಬ್ಯಾನರುಗಳು ಸಮರ್ಪಕವಾಗಿದ್ದು, ಮಗು ಮಾತ್ರ ತನ್ನದಲ್ಲದ ಮಾತನ್ನು ಒಪ್ಪಿಸಿ ಇಳಿದರೆ ಶಿಬಿರವೂ ಇನ್ನೊಂದು ಪಂಜರವೇ.

ಎರಡನೆಯದು ಬ್ರೌನಿಂಗ್ ಕವಿಯ ಕಥನಕವನವನ್ನು ಕನ್ನಡದ ನೆಲಕ್ಕೆ ಒಗ್ಗಿಸಿದ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ರಂಗದ ಮೇಲೂ ಜನಪ್ರಿಯವಾದ ಈ ಕೃತಿಯ ನಾಯಕ ಒಬ್ಬ ಸಂಚಾರಿ ಕಲಾವಿದ. ಊರಿನ ಸಂಕಟವನ್ನು ಅವನು ತನ್ನ ಕಲೆಯಿಂದ ಪರಿಹರಿಸುತ್ತಾನೆ. ಊರು ಒಪ್ಪಿದ ಸಂಭಾವನೆಯನ್ನು ಕೊಡುವುದಿಲ್ಲ. ಅವನ ನಾದದ ಹಿಂದೆ ಮಕ್ಕಳು ಹೊರಟುಹೋಗುತ್ತಾರೆ. ಕುಂಟು ಹುಡುಗನೊಬ್ಬ ಮಾತ್ರ ಹಿಂದುಳಿಯುತ್ತಾನೆ. ಈ ಕಥೆಯನ್ನು ಕೊಟ್ಟ ಮಾತಿಗೆ ತಪ್ಪಬಾರದೆಂಬ ನೀತಿಗೆ ಸೀಮಿತಗೊಳಿಸುವುದು ರೂಢಿ. ಇಲ್ಲಿಯ ಚರ್ಚೆಯ ಹಿನ್ನೆಲೆಯಲ್ಲಿ ಅದು ಇನ್ನೂ ಎರಡು ಸಂಗತಿಗಳನ್ನು ಸೂಚಿಸುತ್ತದೆ. ಕಲಾವಿದನ ಶ್ರಮಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸದ ಸಮಾಜ ತನ್ನ ಮಕ್ಕಳ ಆನಂದವನ್ನೇ ಕಳೆದುಕೊಳ್ಳುತ್ತದೆ ಎಂಬುದು ಒಂದು. ಎಂಥ ಮೋಹಕ ಕಲಾವಿದನ ಹಿಂದೆಯೂ ನಡೆಯಲಾಗದೆ ಉಳಿಯುವ ಮಗುವೊಂದು ಇರುತ್ತದೆ ಎಂಬುದು ಇನ್ನೊಂದು. ಶಿಬಿರದ ಯಶಸ್ಸನ್ನು ಹಿಂದೆ ಹೋದ ಮಕ್ಕಳಿಂದ ಅಳೆಯುವುದು ಸುಲಭ. ಹಿಂದುಳಿದ ಮಗುವಿನಿಂದ ಅಳೆಯುವುದು ಕಷ್ಟ, ಆದರೆ ಅಗತ್ಯ. ಬೀದರದ ಸಂದರ್ಭದಲ್ಲಿ ಆ ಮಗು ಭಾಷೆಯಿಂದ ಹಿಂದುಳಿದದ್ದಿರಬಹುದು, ಗುಳೆಯಿಂದ ಹಿಂದುಳಿದದ್ದಿರಬಹುದು, ಹಗಲುವೇಷದ ಕುಟುಂಬದ್ದೇ ಆಗಿರಬಹುದು.

8. ಸಮಾರೋಪ

ಈವರೆಗಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಕೆಲವು ದಿನಗಳ ಶಿಬಿರ ವ್ಯರ್ಥವೆಂದು ಹೇಳುವಂತಿಲ್ಲ. ಕಲಾಬೋಧಕನೇ ಇಲ್ಲದ ಶಾಲೆಯಲ್ಲಿ ಒಂದು ದಿನದ ಸಂತೋಷವೂ ಸಂತೋಷವೇ. ಆದರೆ ಕಲಿಕೆಗೆ ಮರಳಿ ಬರುವಿಕೆ ಬೇಕು. ಒಂದೇ ಶಾಲೆಗೆ ಏಳು ದಿನ ಒಮ್ಮೆ ಬರುವುದಕ್ಕಿಂತ, ವರ್ಷದಲ್ಲಿ ಮೂರು ಸಲ ಎರಡೆರಡು ದಿನ ಬಂದು, ನಡುವಿನ ತಿಂಗಳುಗಳಲ್ಲಿ ಶಿಕ್ಷಕ ಮತ್ತು ಮಕ್ಕಳು ಮುಂದುವರಿಸಿದ್ದನ್ನು ನೋಡಿ ತಿದ್ದುವುದು ದೊಡ್ಡಾಟದ ಮಾಸ್ತರನ ಕ್ರಮಕ್ಕೆ ಹತ್ತಿರವಾದದ್ದು. ದಿನಗಳ ಸಂಖ್ಯೆ ಹೆಚ್ಚದೆಯೇ ಕಲಿಕೆಯ ಅವಧಿ ಹಿಗ್ಗುತ್ತದೆ.

ಎರಡನೆಯದಾಗಿ, ಶಿಬಿರದ ನಿಜವಾದ ವಾರಸುದಾರ ಶಾಲೆಯ ಶಿಕ್ಷಕ. ಮಕ್ಕಳೊಂದಿಗೆ ಶಿಕ್ಷಕರೂ ವೃತ್ತದಲ್ಲಿ ನಿಂತು ಆಡಿದ ಶಿಬಿರಕ್ಕೂ, ಶಿಕ್ಷಕರು ಆ ದಿನಗಳನ್ನು ದಾಖಲೆ ಬರೆಯಲು ಬಳಸಿಕೊಂಡ ಶಿಬಿರಕ್ಕೂ ಪರಿಣಾಮದಲ್ಲಿ ಅಪಾರ ವ್ಯತ್ಯಾಸವಿದೆ. ಶಿಕ್ಷಕರ ಮೇಲಿರುವ ಆಡಳಿತದ ಹೊರೆ ಇಳಿಯದೆ ಅವರಿಂದ ಇದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ.

ಮೂರನೆಯದಾಗಿ, ಗಡಿಭಾಗದ ಶಿಬಿರದಲ್ಲಿ ಮಗುವಿನ ಮನೆಮಾತು ಅಡ್ಡಿಯಲ್ಲ, ಬಂಡವಾಳ. ಹಗಲುವೇಷಗಾರ, ಮೊಹರಂ ಪದಗಾರ, ಬಿದ್ರಿ ಕುಶಲಿ ಇವರೆಲ್ಲ ಬಹುಭಾಷಿಕ ಲೋಕದಲ್ಲಿಯೇ ತಮ್ಮ ಕಲೆಯನ್ನು ಕಟ್ಟಿದವರು. ಶಾಲೆ ಮಾತ್ರ ಏಕಭಾಷಿಕವಾಗಿರಬೇಕೆಂಬ ನಿಲುವು ಈ ನೆಲದ ಪರಂಪರೆಗೆ ಹೊಂದುವುದಿಲ್ಲ.

ಕೊನೆಯದಾಗಿ, ಈ ವಿಷಯದಲ್ಲಿ ಕನ್ನಡ ವಿಭಾಗಗಳಿಗೂ ಹೊಣೆಯಿದೆ. ಜಾನಪದ ಕ್ಷೇತ್ರಕಾರ್ಯದಿಂದ ಸಂಗ್ರಹವಾದ ಹಾಡು, ಕಥೆ, ಆಟ, ಕಸುಬಿನ ಪದಗಳು ಪ್ರಬಂಧಗಳ ಅನುಬಂಧಗಳಲ್ಲಿ ಉಳಿದುಬಿಟ್ಟಿವೆ. ಅವು ಯಾವ ಊರಿನಿಂದ ಬಂದವೋ ಆ ಊರಿನ ಶಾಲೆಗೆ ಮರಳಿಲ್ಲ. ಭಾಲ್ಕಿಯ ಹಳ್ಳಿಯೊಂದರಲ್ಲಿ ಸಂಗ್ರಹಿಸಿದ ಬುಲಾಯಿ ಹಾಡು ಅದೇ ಹಳ್ಳಿಯ ಶಾಲೆಯ ಶಿಬಿರಕ್ಕೆ ಸಾಮಗ್ರಿಯಾಗಿ ಒದಗುವಂತೆ ಮಾಡುವುದು ಅಸಾಧ್ಯವಾದ ಕೆಲಸವಲ್ಲ. ಸಂಶೋಧಕನೂ ಒಂದು ಅರ್ಥದಲ್ಲಿ ಸಂಚಾರಿಯೇ. ಹಳ್ಳಿಗೆ ಬರುತ್ತಾನೆ, ಪಡೆದುಕೊಳ್ಳುತ್ತಾನೆ, ಹೋಗುತ್ತಾನೆ. ಕಲಾವಿದನಿಗೆ ಕೇಳುವ 'ನೀವು ಹೋದ ಮೇಲೆ ಇಲ್ಲಿ ಏನು ಉಳಿಯುತ್ತದೆ' ಎಂಬ ಪ್ರಶ್ನೆಯನ್ನು ಅವನಿಗೂ ಕೇಳಬೇಕಾಗಿದೆ.